ನಲವತ್ತೆರಡು ಹೆಸರು, ನಲವತ್ತೊಂದು ಚಿತ್ರ

ನಾನು ಕೈಯಾರೆ ಕೊಂದ ಮೊದಲ ಹಾರ್ಡ್ ಡಿಸ್ಕು ಶಹಾಪುರದ ಒಂದು ಶಾಲೆಯದು. ಅದನ್ನು ಹತ್ತಿ ಮತ್ತು ಸ್ಪಿರಿಟ್‌ನಿಂದ ಕೊಂದೆ.

ಆಗ ನಾನು ಬಸ್ ನಿಲ್ದಾಣದ ಹಿಂದಿನ ಒಂದು ಅಂಗಡಿಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಟೇಪಿನ ದನಿ ಮಂಕಾಗಿದೆ ಎಂದು ಯಾರಾದರೂ ತಂದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಟೇಪನ್ನು ಓದುವ ಹೆಡ್ ಒರೆಸಬೇಕು, ದನಿ ಸ್ವಚ್ಛವಾಗುತ್ತದೆ ಎಂದು ಅಂಗಡಿಯ ಉಸ್ತಾದರು ಕಲಿಸಿದ್ದರು. ಹತ್ತರಲ್ಲಿ ಎಂಟು ಸಲ ಅದು ನಿಜವಾಗುತ್ತಿತ್ತು. ಹೀಗಾಗಿ ಊರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆ ಹೆಸರನ್ನೇ ನಂಬಿ ಶಾಲೆಯ ಗುಮಾಸ್ತ ಬಸಣ್ಣ ಒಂದು ದಿನ ಕಂಪ್ಯೂಟರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಬಂದ.

"ಖಾಜಾ ಭಾಯಿ, ಇದರಾಗ ಹುಡುಗರ ಮಾರ್ಕ್ಸ್ ಎಲ್ಲಾ ಅದಾವ. ಎರಡು ದಿನದಿಂದ ಒಳಗ ಟಕ್ ಟಕ್ ಅನ್ನಾಕತ್ತದ. ನೀವು ಟೇಪ್ ಛಲೋ ಮಾಡ್ತೀರಿ. ಇದನ್ನೂ ಒಂದೀಟು ನೋಡ್ರಿ" ಅಂದ.

ಸದ್ದು ಬರುತ್ತಿದ್ದ ಕಬ್ಬಿಣದ ಡಬ್ಬಿಯನ್ನು ಹೊರತೆಗೆದು, ತಿರುಪುಗಳನ್ನು ಬಿಚ್ಚಿ, ಮುಚ್ಚಳ ಎತ್ತಿದೆ. ಒಳಗೆ ಕನ್ನಡಿಯಂಥ ತಟ್ಟೆ. ನನ್ನ ಮುಖ ಅದರಲ್ಲಿ ಕಾಣಿಸುತ್ತಿತ್ತು. ಅದರ ಮೇಲೆ ಟೇಪಿನ ಹೆಡ್ಡಿಗಿಂತ ಚಿಕ್ಕದೊಂದು ಹೆಡ್ಡು. ಓಹೋ, ಇದೂ ನಮ್ಮ ಜಾತಿಯದೇ ಅಂದುಕೊಂಡು ಹತ್ತಿ ಅದ್ದಿ ತಟ್ಟೆಯನ್ನು ಚೆನ್ನಾಗಿ ಒರೆಸಿದೆ. ಮುಚ್ಚಳ ಹಾಕಿ ಕರೆಂಟ್ ಕೊಟ್ಟೆ. ಚಾಕುವಿಗೆ ಸಾಣೆ ಹಿಡಿದಂಥ ಸದ್ದು ಬಂತು. ಬಸಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಸದ್ದೇ ಇಲ್ಲ.

"ಈಗ ಟಕ್ ಟಕ್ ನಿಂತತ್ರಿ" ಅಂದ ಬಸಣ್ಣ, ಖುಷಿಯಿಂದ.

ಅವನ ಖುಷಿ ಇಳಿದದ್ದು ಪರದೆಯ ಮೇಲೆ ಏನೂ ಬಾರದೆ ಹೋದಾಗ. ಶಾಲೆಯ ಮಾಸ್ತರರು ದಸರಾ ರಜೆಯನ್ನೆಲ್ಲ ಉತ್ತರ ಪತ್ರಿಕೆಗಳ ಗಂಟು ಬಿಚ್ಚಿ ಅಂಕಗಳನ್ನು ಮತ್ತೆ ಬರೆಯುವುದರಲ್ಲಿ ಕಳೆದರು. ಅವರು ನನ್ನನ್ನು ಬೈಯಲಿಲ್ಲ. ಅವರಿಗೂ ಆ ಡಬ್ಬಿಯ ಒಳಗೆ ಏನಿರುತ್ತದೆ ಎಂದು ಗೊತ್ತಿರಲಿಲ್ಲ.

ಆ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಯಾದಗಿರಿಗೆ ಹೋದೆ. ಅಲ್ಲೊಂದು ಕಂಪ್ಯೂಟರ್ ರಿಪೇರಿ ಆಫೀಸು ಹೊಸದಾಗಿ ಶುರುವಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಸುನಂದಾ ಮೇಡಂ. ಕಲಬುರಗಿಯಲ್ಲಿ ಡಿಪ್ಲೊಮಾ ಓದಿದವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಡಿಸ್ಕನ್ನು ಬೆಳಕಿಗೆ ಹಿಡಿದು ತಟ್ಟೆಯ ಮೇಲಿನ ಉಂಗುರದಂಥ ಗೀರುಗಳನ್ನು ನೋಡಿದರು.

"ಯಾರ್ ತೆರೆದ್ರಿ ಇದನ್ನ?"

"ನಾನ ರೀ."

"ಯಾಕ?"

"ತೊಳಿಯಾಕ."

ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಡಿಸ್ಕನ್ನು ಮೇಜಿನ ಮೇಲಿಟ್ಟು, "ನಾಳಿಂದ ಇಲ್ಲೇ ಕೆಲಸಕ್ಕ ಬರ್ರಿ. ನೀವು ಹೊರಗಿದ್ರ ಇನ್ನೂ ಎಷ್ಟು ಡಿಸ್ಕ್ ತೊಳೀತೀರೋ ಅಂತ ನನಗ ಅಂಜಿಕಿ ಆಗ್ತದ" ಅಂದರು. ನನಗೆ ನೌಕರಿ ಸಿಕ್ಕಿದ್ದು ಹೀಗೆ. ಅಲ್ಲಿಂದ ನಿವೃತ್ತನಾಗುವವರೆಗೂ ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿ ಡಿಸ್ಕುಗಳನ್ನು ನೋಡಿದ್ದೇ ನನ್ನ ಬದುಕು.

ಮೇಡಂ ಮೊದಲ ವಾರ ನನಗೆ ಕಲಿಸಿದ್ದನ್ನು ಈಗ ಈ ಕೆಲಸಕ್ಕೆ ಬರುವವರಿಗೂ ಹೇಳುತ್ತೇನೆ. ಆ ಕನ್ನಡಿಯಂಥ ತಟ್ಟೆಯನ್ನು ಸಾವಿರಾರು ಸಣ್ಣ ಸಣ್ಣ ಮಡಿಗಳಾಗಿ ಮಾಡಿರುತ್ತಾರೆ. ಒಂದೊಂದು ಮಡಿಗೆ ಸೆಕ್ಟರ್ ಎಂದು ಹೆಸರು. ಹೆಡ್ಡು ತಟ್ಟೆಗೆ ತಾಗದೆ, ಕೂದಲೆಳೆಗಿಂತ ಬಹಳ ಕಡಿಮೆ ಎತ್ತರದಲ್ಲಿ ತೇಲುತ್ತ ಓದುತ್ತದೆ, ಬರೆಯುತ್ತದೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಅಲ್ಲಲ್ಲಿ ಉಪ್ಪೆದ್ದು ಸವಳು ಬಿದ್ದಿಲ್ಲವೆ, ಹಾಗೆಯೇ ಡಿಸ್ಕಿನಲ್ಲೂ ಕೆಲವು ಮಡಿಗಳು ಕೆಡುತ್ತವೆ. ಅದೇ ಬ್ಯಾಡ್ ಸೆಕ್ಟರ್. ಅದರಲ್ಲಿ ಎರಡು ಬಗೆ. ಬರೆಯುವಾಗ ಕರೆಂಟ್ ಹೋಗಿ ಅರ್ಧಕ್ಕೇ ನಿಂತದ್ದು ಒಂದು. ಮತ್ತೆ ಬರೆದರೆ ಆ ಜಾಗ ಸುಧಾರಿಸುತ್ತದೆ. ತಟ್ಟೆಯ ಮೈಯೇ ಸವೆದು ಹೋದದ್ದು ಇನ್ನೊಂದು; ಅದು ಸುಧಾರಿಸುವುದಿಲ್ಲ. ಆ ಜಾಗಕ್ಕೆ ಗುರುತು ಹಾಕಿ ಬಿಟ್ಟುಬಿಡಬೇಕು. ಜನ ರಿಪೇರಿ ಅನ್ನುತ್ತಾರಲ್ಲ, ಅದು ಇಷ್ಟೇ.

ಅವರ ಎರಡನೆಯ ಪಾಠ ಇನ್ನೂ ಮುಖ್ಯ. ಡಿಸ್ಕನ್ನು ರಿಪೇರಿ ಮಾಡುವ ಆಜ್ಞೆ ಕೊಟ್ಟರೆ ಕಂಪ್ಯೂಟರು ಕೆಟ್ಟ ಜಾಗವನ್ನು ನೂರು ಸಲ ಓದಲು ನೋಡುತ್ತದೆ. ಸಾಯುತ್ತಿರುವ ಡಿಸ್ಕು ಆ ಏಟಿಗೇ ಸಾಯುತ್ತದೆ. ಆದ್ದರಿಂದ ಮೊದಲು ಬೇರೆ ಡಿಸ್ಕಿಗೆ ಕಾಪಿ. ಕಾಪಿ ಮಾಡುವಾಗಲೂ ಒಳ್ಳೆಯ ಜಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಕೈ ಹಾಕಬೇಕು. "ಮನಿಗೆ ಬೆಂಕಿ ಬಿದ್ರ ಮೊದಲು ಮಂದೀನ್ನ ಹೊರಗ ತರ್ತಾರ. ಗ್ವಾಡಿಗೆ ಸುಣ್ಣ ಹಚ್ಚಂಗಿಲ್ಲ" ಅನ್ನುತ್ತಿದ್ದರು.

ಸುರಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಕತೆ ಹೇಳಬೇಕು. ಅಲ್ಲಿಯ ಒಂದು ಕಂಪ್ಯೂಟರಿನ ಡಿಸ್ಕು ಮೂರು ತಿಂಗಳಿಗೊಮ್ಮೆ ಕೆಡುತ್ತಿತ್ತು. ಎರಡು ಸಲ ಹೊಸದು ಹಾಕಿ ಬಂದೆ. ಮೂರನೆಯ ಸಲ ಹೋದಾಗ ಕಂಪ್ಯೂಟರಿನ ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಮಾಲೀಕ ಶರಣಪ್ಪ ದನಿ ತಗ್ಗಿಸಿ, "ಇದಕ್ಕ ಯಾರ್ದೋ ಕಣ್ಣು ಬಿದ್ದದ್ರಿ ಖಾಜಾ ಭಾಯಿ. ಉಳಿದ ಐದಕ್ಕ ಏನೂ ಆಗಂಗಿಲ್ಲ, ಇದಕ್ಕ ಅಷ್ಟ ಯಾಕ?" ಅಂದ.

ಆ ದಿನ ನಾನು ಕೂಡಲೇ ತಿರುಪು ಬಿಚ್ಚಲಿಲ್ಲ. ಬೆಳಿಗ್ಗೆಯಿಂದ ಆ ಕುರ್ಚಿಯಲ್ಲೇ ಕೂತೆ. ಹನ್ನೊಂದರ ಸುಮಾರಿಗೆ ಮೇಜಿನ ಮೇಲಿದ್ದ ಚಹಾದ ಕಪ್ಪಿನಲ್ಲಿ ಸಣ್ಣ ಅಲೆಗಳು ಏಳತೊಡಗಿದವು. ಅಂಗೈಯನ್ನು ಮೇಜಿನ ಮೇಲೆ ಇಟ್ಟೆ, ಜುಮ್ಮೆಂದಿತು. ಗೋಡೆಗೆ ಕೈ ಇಟ್ಟೆ, ಗೋಡೆಯೂ ನಡುಗುತ್ತಿತ್ತು. ಆಚೆ ಬದಿಗೆ ಹಿಟ್ಟಿನ ಗಿರಣಿ. ಗಿರಣಿಯ ಮೋಟರನ್ನು ಆ ಗೋಡೆಗೇ ಒತ್ತಿ ಕೂರಿಸಿದ್ದರು. ದಿನಕ್ಕೆ ಆರು ತಾಸು ಆ ಡಿಸ್ಕಿನ ಹೆಡ್ಡು ನಡುಗುತ್ತಲೇ ಬರೆಯುತ್ತಿತ್ತು. ಮೇಜನ್ನು ಕೋಣೆಯ ನಡುವಿಗೆ ಎಳೆಸಿ ಮತ್ತೊಂದು ಡಿಸ್ಕು ಹಾಕಿದೆ. ಆಮೇಲೆ ನಾನು ಆ ಕಂಪ್ಯೂಟರನ್ನು ಮುಟ್ಟುವ ಪ್ರಸಂಗ ಬರಲಿಲ್ಲ. ಎರಡು ಒಳ್ಳೆಯ ಡಿಸ್ಕುಗಳನ್ನು ತಂದು ಆ ಗೋಡೆಗೆ ಬಲಿ ಕೊಟ್ಟಿದ್ದೆನಲ್ಲ ಎಂದು ಬಸ್ಸಿನಲ್ಲಿ ಬರುವಾಗ ನಾಚಿಕೆಯಾಯಿತು. ನಾನು ಡಿಸ್ಕನ್ನಷ್ಟೇ ನೋಡಿದ್ದೆ, ಕೋಣೆಯನ್ನು ನೋಡಿರಲಿಲ್ಲ.

ಈಗಿನ ಡಿಸ್ಕುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅವು ಕೆಡುವ ಮೊದಲು ಟಕ್ ಟಕ್ ಅನ್ನುವುದೂ ಇಲ್ಲ. ನಿನ್ನೆ ಸಂಜೆ ಚೆನ್ನಾಗಿದ್ದದ್ದು ಇವತ್ತು ಬೆಳಿಗ್ಗೆ ಇಲ್ಲವೇ ಇಲ್ಲ. ನಮ್ಮ ಕಾಲದವು ಕೆಮ್ಮಿ, ನರಳಿ, ಎಚ್ಚರಿಸಿ ಹೋಗುತ್ತಿದ್ದವು. ನಮಗೆ ಕಿವಿಯೇ ಮುಖ್ಯ ಸಾಧನವಾಗಿತ್ತು. ಈಗ ಕೆಲಸಕ್ಕೆ ಬಂದ ನಿಮಗೆ ಅದೂ ಇಲ್ಲ. ಆದರೆ ನಾನು ಮಾಡಿದ ಅತಿ ದೊಡ್ಡ ತಪ್ಪಿಗೂ ಈ ಸದ್ದಿಗೂ ಸಂಬಂಧವಿಲ್ಲ. ಅದನ್ನು ಯಾವ ಡಿಸ್ಕಿನ ಮೇಲೂ ಯಾರು ಬೇಕಾದರೂ ಮಾಡಬಹುದು. ಇಷ್ಟು ವರ್ಷ ಅದನ್ನು ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಯಾದಗಿರಿಯಲ್ಲಿ ಒಂದು ಎಕ್ಸ್‌ರೇ ಸೆಂಟರ್ ಇತ್ತು. ಹೆಸರು ಬೇಡ. ಅಲ್ಲಿ ಎದೆಯ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಚಿತ್ರದ ಮೇಲೆ ರೋಗಿಯ ಹೆಸರು ಇರುತ್ತಿರಲಿಲ್ಲ. ಉಳಿಸುವಾಗ ಫೈಲಿಗೆ ಆ ಹೆಸರು ಕೊಡುತ್ತಿದ್ದರು, ಅಷ್ಟೇ. ಬಂದವರ ಹೆಸರು, ಊರು, ಕಾಯಿಲೆಯನ್ನು ಒಂದು ರಿಜಿಸ್ಟರಿನಲ್ಲಿಯೂ ಸಾಲಾಗಿ ಬರೆದಿಡುತ್ತಿದ್ದರು. ಶನಿವಾರ ಪರವೂರಿನಿಂದ ಒಬ್ಬ ಡಾಕ್ಟರು ಬಂದು ಆ ವಾರದ ಚಿತ್ರಗಳನ್ನೆಲ್ಲ ನೋಡಿ ವರದಿ ಬರೆಯುತ್ತಿದ್ದರು.

ಒಂದು ಗುರುವಾರ ಆ ಕಂಪ್ಯೂಟರು, ಒಂದು ಚಿತ್ರವನ್ನು ಉಳಿಸುತ್ತಿರುವಾಗಲೇ, ನಿಂತುಬಿಟ್ಟಿತು ಅಂದರು ಸೆಂಟರಿನವರು. ಡಿಸ್ಕು ಟಕ್ ಟಕ್ ಅನ್ನುತ್ತಿತ್ತು. ಶನಿವಾರದೊಳಗೆ ಚಿತ್ರಗಳು ಬೇಕು. ಸುನಂದಾ ಮೇಡಂ ಆ ವಾರ ರಜೆಯಲ್ಲಿದ್ದರು. ಕೆಲಸ ನನ್ನ ಪಾಲಿಗೆ ಬಂತು.

ನಾನು ಕಲಿತದ್ದನ್ನೆಲ್ಲ ಸರಿಯಾಗಿ ಮಾಡಿದೆ. ಡಿಸ್ಕನ್ನು ಕೆಣಕದೆ ಕಾಪಿ ಮಾಡಿದೆ. ಸ್ವಲ್ಪ ಜಾಗ ಮಾತ್ರ ಓದಲಾಗಲಿಲ್ಲ. ದುರದೃಷ್ಟಕ್ಕೆ ಫೈಲುಗಳ ಹೆಸರುಗಳೆಲ್ಲ ಇದ್ದದ್ದು ಅಲ್ಲಿಯೇ. ಚಿತ್ರಗಳು ತೆಗೆದ ಕ್ರಮದಲ್ಲೇ ಬಂದವು, ಹೆಸರು ಬರಲಿಲ್ಲ. ಎಣಿಸಿದೆ: ನಲವತ್ತೊಂದು ಚಿತ್ರ. ರಿಜಿಸ್ಟರಿನಲ್ಲಿ ಆ ವಾರ ನಲವತ್ತೆರಡು ಹೆಸರು. ಕಂಪ್ಯೂಟರು ನಿಂತದ್ದು ಕೊನೆಯ ಚಿತ್ರ ಉಳಿಸುವಾಗ ತಾನೆ? ಹಾಗಾದರೆ ಹಾಳಾದದ್ದು ಕೊನೆಯದೇ. ಇದರಲ್ಲಿ ಅನುಮಾನಪಡುವಂಥದ್ದು ನನಗೆ ಏನೂ ಕಾಣಲಿಲ್ಲ. ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಮೊದಲ ಚಿತ್ರಕ್ಕೆ ಮೊದಲ ಹೆಸರು, ಎರಡನೆಯದಕ್ಕೆ ಎರಡನೆಯದು, ಹೀಗೆ ನಲವತ್ತೊಂದು ಹೆಸರು ಕೊಟ್ಟೆ. ಕೆಲಸದ ಹಾಳೆಯ ಮೇಲೆ, "ಎಲ್ಲ ಚಿತ್ರಗಳು ಹೆಸರು ಸಮೇತ ಸಿಕ್ಕಿವೆ, ಕೊನೆಯದೊಂದು ಮಾತ್ರ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಶನಿವಾರ ಡಾಕ್ಟರು ವರದಿ ಬರೆದರು. ಸೆಂಟರಿನವರು ನನಗೆ ಚಹಾ ಕುಡಿಸಿದರು.

ಹನ್ನೊಂದು ದಿನದ ಮೇಲೆ ಸೆಂಟರಿನಿಂದ ಫೋನು ಬಂತು. ರಜೆ ಮುಗಿಸಿ ಬಂದಿದ್ದ ಮೇಡಂ ಮತ್ತು ನಾನು ಕೂಡಿ ಹೋದೆವು. ಅಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದ. ವಡಗೇರಾದ ಟೇಲರ್ ಇಸ್ಮಾಯಿಲ್. ಎದೆಯಲ್ಲಿ ನೆರಳಿದೆ, ಟಿ.ಬಿ. ಇರಬಹುದು, ಕಲಬುರಗಿಗೆ ಹೋಗು ಎಂದು ಅವನ ವರದಿಯಲ್ಲಿ ಬರೆದಿತ್ತು.

"ನೋಡ್ರಿ, ಕಲಬುರಗಿ ಡಾಕ್ಟರ್ ನನ್ನ ಅಂಗಿ ಬಿಚ್ಚಿಸಿ ಹೆಗಲ ಮುಟ್ಟಿ ಮುಟ್ಟಿ ನೋಡಿದ್ರು" ಅಂದ. "ಕೊಯ್ದ ಗುರುತು ಎಲ್ಲದ ಅಂದ್ರು. ಯಾವ ಗುರುತ್ರಿ ಅಂದೆ. ಈ ಫೋಟೋದಾಗ ನಿನ್ನ ಹೆಗಲ ಎಲುಬಿಗಿ ನಾಕು ಸ್ಕ್ರೂ ಅದಾವಲ್ಲ ಅಂದ್ರು. ನಾ ಟೇಲರ್ ಇದ್ದೀನ್ರಿ. ಬೆರಳಿಗಿ ಸೂಜಿ ಚುಚ್ಚಿದ್ರ ನೆನಪಿಡ್ತೀನಿ. ಎಲುಬಿಗಿ ಸ್ಕ್ರೂ ಹೊಡ್ದದ್ದು ನೆನಪಿರಂಗಿಲ್ಲೇನ್ರಿ?"

ಕಾಗದವನ್ನು ಮೇಜಿನ ಮೇಲಿಟ್ಟು ಮುಂದುವರಿಸಿದ: "ಮನ್ಯಾಗ ನನ್ನ ತಾಟು ಬ್ಯಾರೆ ಮಾಡ್ಯಾರ. ಅಂಗಡಿಗಿ ಅಳತಿ ಕೊಡಾಕ ಯಾರೂ ಬರವಲ್ರು. ನನ್ನ ಮಗಳು ದೂರ ನಿಂತು ‘ಅಬ್ಬಾ’ ಅಂತ ಕರೀತಾಳ್ರಿ. ಹತ್ರ ಬರಂಗಿಲ್ಲ."

ಮೇಡಂ ಪರದೆಯ ಮೇಲೆ ಆ ಚಿತ್ರ ತೆರೆಸಿದರು. ಬಿಳಿ ಎಲುಬಿನ ಮೇಲೆ ಇನ್ನೂ ಬಿಳಿಯಾದ ಒಂದು ಪಟ್ಟಿ, ಅದರಲ್ಲಿ ನಾಲ್ಕು ಸ್ಕ್ರೂ, ಎಲ್ಲ ಸ್ಪಷ್ಟವಾಗಿತ್ತು. ಆ ಚಿತ್ರಕ್ಕೆ ಇಸ್ಮಾಯಿಲ್ ಎಂದು ಹೆಸರು ಕೊಟ್ಟವನು ನಾನು. ಕೊಡುವಾಗ ಚಿತ್ರವನ್ನು ತೆರೆದೂ ನೋಡಿರಲಿಲ್ಲ.

"ಖಾಜಾ ಅವರ, ಹೆಸರು ಎಲ್ಲಿಂದ ಬಂದ್ವು?" ಮೇಡಂ ಕೇಳಿದರು.

"ರಿಜಿಸ್ಟರಿಂದ್ರಿ."

"ಅಂದ್ರ ಡಿಸ್ಕಿನಿಂದ ಬಂದಿಲ್ಲ."

"ಇಲ್ರಿ."

"ಹಾಳಿ ಮ್ಯಾಲೆ ಏನಂತ ಬರ್ದೀರಿ?"

ಚೀಲಕ್ಕೆ ಕೈ ಹಾಕಿದೆ. ಕಾಪಿ ಮಾಡುವಾಗ ಓದಲಾಗದ ಜಾಗಗಳ ಪಟ್ಟಿಯೊಂದು ತಾನಾಗಿಯೇ ತಯಾರಾಗುತ್ತದೆ. ಅದರ ಪ್ರತಿ ನನ್ನ ಚೀಲದಲ್ಲಿಯೇ ಇತ್ತು. ಈಗ ತೆಗೆದು ನೋಡಿದೆ. ಕೆಟ್ಟ ಜಾಗ ಎರಡು ಕಡೆ ಇತ್ತು. ಒಂದು, ಹೆಸರುಗಳಿದ್ದಲ್ಲಿ. ಇನ್ನೊಂದು, ಹದಿನಾರನೆಯ ಚಿತ್ರ ಮುಗಿದ ಕೂಡಲೇ. ಹಾಳಾದದ್ದು ಹದಿನೇಳನೆಯ ಚಿತ್ರ. ಕೊನೆಯದು ಪೂರ್ತಿ ಉಳಿದು, ಆಮೇಲೆ ಯಂತ್ರ ನಿಂತಿತ್ತು. ಅಂದರೆ ಹದಿನೇಳರಿಂದ ಆಚೆಗೆ ಪ್ರತಿಯೊಬ್ಬರ ಹೆಸರಿನಲ್ಲಿಯೂ ಅವರ ಮುಂದಿನವರ ಎದೆ ಇತ್ತು.

ಮೇಡಂ ರಿಜಿಸ್ಟರಿನ ಮೇಲೆ ಬೆರಳು ಇಳಿಸಿದರು. ಇಸ್ಮಾಯಿಲ್ ಇಪ್ಪತ್ತೊಂಬತ್ತನೆಯವನು. ಮೂವತ್ತನೆಯ ಸಾಲು: ಭೀಮಪ್ಪ, ತಿಂಥಣಿ, ಎರಡು ತಿಂಗಳಿಂದ ಕೆಮ್ಮು.

ಎಕ್ಸ್‌ರೇ ತೆಗೆಯುವ ಹೆಣ್ಣುಮಗಳು ಕೂಡಲೇ, "ಹೌದ್ರಿ, ಅವರಿಗಿ ಹೆಗಲ ಮ್ಯಾಲೆ ಉದ್ದಕ ಗಾಯದ ಗುರುತಿತ್ತು. ಹರಗೋಲದಾಗಿಂದ ಕಲ್ಲಿನ ಮ್ಯಾಲೆ ಬಿದ್ದಿದ್ದೆ ಅಂದಿದ್ರು. ಯಾದಗಿರ್ಯಾಗ ತಂಗಿ ಮನಿಗಿ ಬಂದವ್ರು ಹಂಗ ಫೋಟೋ ತೆಗಿಸ್ಕೊಂಡು ಹೋಗ್ಯಾರ" ಅಂದಳು.

"ಅವರಿಗಿ ಏನಂತ ವರದಿ ಹೋಗ್ಯದ?"

ಅವಳು ಹುಡುಕಿ ಓದಿದಳು. ಎದೆ ಸ್ವಚ್ಛವಿದೆ, ಏನೂ ತೊಂದರೆ ಇಲ್ಲ.

ಇಸ್ಮಾಯಿಲನಿಗೆ ತನ್ನ ಎದೆಯಲ್ಲಿ ಏನೂ ಇರಲಿಕ್ಕಿಲ್ಲ ಎಂಬುದು ನಮಗಿಂತ ಮೊದಲು ಹೊಳೆಯಿತು. ಅವನು ಕುರ್ಚಿಯ ಮೇಲೆ ಕುಸಿದು ಕೂತು, "ಯಾ ಅಲ್ಲಾ" ಅಂದ. ಆಮೇಲೆ ತಲೆಯೆತ್ತಿ, "ಹಂಗಾದ್ರ ಆ ತಿಂಥಣಿಯವ್ರು?" ಅಂದ. ಹನ್ನೊಂದು ದಿನ ಅಷ್ಟು ನೋವು ಉಂಡವನು ಮೊದಲು ಕೇಳಿದ್ದು ಆ ಇನ್ನೊಬ್ಬರನ್ನು. ನನಗೆ ಅವನ ಮುಖ ನೋಡುವ ಧೈರ್ಯ ಉಳಿಯಲಿಲ್ಲ.

ಹದಿನೇಳರಿಂದ ನಲವತ್ತೆರಡರವರೆಗಿನ ಇಪ್ಪತ್ತಾರು ಮಂದಿಯನ್ನು ಮತ್ತೆ ಕರೆಸಬೇಕಿತ್ತು. ಮೇಡಂ ಫೋನ್ ಹಿಡಿದು ಕೂತರು. ಭೀಮಪ್ಪ ಕೊಟ್ಟಿದ್ದ ನಂಬರಿಗೆ ಯಾರೂ ಎತ್ತಲಿಲ್ಲ. "ನೀವ ಹೋಗ್ರಿ. ಫೋನಿನ್ಯಾಗ ಹೇಳೋ ಮಾತಲ್ಲ ಇದು. ಮುಖ ಕೊಟ್ಟು ಹೇಳಿ ಬರ್ರಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಶಹಾಪುರ, ಸುರಪುರ ದಾಟಿ ತಿಂಥಣಿಯಲ್ಲಿ ಇಳಿದಾಗ ಮಧ್ಯಾಹ್ನ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಮನೆ ತೋರಿಸಿದರು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಅರವತ್ತರ ಸುಮಾರಿನ ಒಬ್ಬರು ಕಾಲು ಚಾಚಿ ಕೂತಿದ್ದರು. ಅವರ ಎದೆಗೆ ಒರಗಿ ಒಂದು ಎಳೆಗೂಸು ಮಲಗಿತ್ತು.

"ಭೀಮಪ್ಪ ಅಂದ್ರ…"

"ನಾನ ರೀ. ಬರ್ರಿ, ಬರ್ರಿ, ಕುಂದರ್ರಿ. ಎಲ್ಲಿಂದ ಬಂದೀರಿ?"

"ಯಾದಗಿರಿ. ಎಕ್ಸ್‌ರೇ ಸೆಂಟರ್ ಕಡಿಯಿಂದ."

ಅವರ ಮುಖ ಅರಳಿತು. "ಪುಣ್ಯ ಕಟ್ಟಿಕೊಂಡ್ರಿ ನೀವು. ಮಗಳು ಬಾಣಂತನಕ ಬಂದಾಳ. ಕೂಸು ಹುಟ್ಟಿ ತಿಂಗಳಾದ್ರೂ ನಾ ಮುಟ್ಟಿದ್ದಿಲ್ರಿ. ಕೆಮ್ಮು ಇತ್ತಲ್ಲ, ನನಗ ಅಂಜಿಕಿ. ದನದ ಕೊಟಗ್ಯಾಗ ಮಲಗತಿದ್ದೆ. ಬಾಗಲದಾಗ ನಿಂತು ದೂರಿಂದ ಮುಖ ನೋಡತಿದ್ದೆ. ನಿಮ್ಮ ಚೀಟಿ ಬಂತು ನೋಡ್ರಿ, ಏನೂ ಇಲ್ಲ ಅಂತ, ಅವತ್ತ ಎತ್ತಿಕೊಂಡೀನಿ. ಈಗ ನನ್ನ ಎದಿ ಬಿಟ್ಟು ಮಲಗಂಗಿಲ್ಲ ಇದು."

ಹೇಳುತ್ತ ಹೇಳುತ್ತ ಕೆಮ್ಮು ಬಂತು. ಪಕ್ಕಕ್ಕೆ ಮುಖ ತಿರುಗಿಸಿ ಕೆಮ್ಮಿದರು. ಕೂಸು ಅವರ ಎದೆಯ ಜೊತೆಗೆ ಮೇಲೆ ಕೆಳಗೆ ಅಲುಗಿತು. ಎಚ್ಚರವಾಗಲಿಲ್ಲ. ಅದಕ್ಕೆ ಆ ಅಲುಗಾಟ ರೂಢಿಯಾಗಿತ್ತು.

ಬಸ್ಸಿನಲ್ಲಿ ಎಷ್ಟೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

"ಭೀಮಪ್ಪಣ್ಣಾರ, ಮೊದಲು ಕೂಸಿನ್ನ ಮಗಳ ಕೈಯಾಗ ಕೊಡ್ರಿ" ಅಂದೆ.

"ಯಾಕ್ರಿ?"

"ಆ ಚೀಟಿ ನಿಮ್ಮದಲ್ರಿ. ಬ್ಯಾರೆಯವರದು ನಿಮಗ ಬಂದದ. ನಿಮ್ಮ ಫೋಟೋದಾಗ… ಎದಿಯೊಳಗ ನೆರಳದ. ಟಿ.ಬಿ. ಇರಬಹುದು ಅಂತಾರ."

ಅವರು ಸಿಟ್ಟಾಗಲಿಲ್ಲ. ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದರು. "ಆವಾಗ ಇಲ್ಲ ಅಂದ್ರಿ. ಈಗ ಅದ ಅಂತೀರಿ. ಯಾವುದು ಖರೇ?"

"ಈಗಿಂದ ಖರೇರಿ. ಹೆಸರು ಅದಲು ಬದಲು ಮಾಡಿದಾಂವ ನಾನು. ಮತ್ಯಾರೂ ಅಲ್ಲ."

ಅವರು ಬಾಯಿ ಮುಚ್ಚಿಕೊಂಡರು. ಎರಡೂ ತೋಳು ನೇರ ಚಾಚಿ ಕೂಸನ್ನು ತಮ್ಮಿಂದ ದೂರಕ್ಕೆ ಹಿಡಿದು, ಮುಖ ಪೂರ್ತಿ ಹಿಂದಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ಕೂತರು. ಒಳಗಿನಿಂದ ಮಗಳು ಬರುವವರೆಗೂ ಉಸಿರು ಬಿಡಲಿಲ್ಲ. ಕತ್ತಿನ ನರಗಳು ಉಬ್ಬಿದ್ದವು. ಮಗಳು ಮಾನಮ್ಮ ಕೂಸನ್ನು ಕಿತ್ತುಕೊಂಡಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಇಷ್ಟು ದಿನ ಎದಿ ಮ್ಯಾಲೆ ಮಲಗಿಸ್ಕೊಂಡಾನ ನಮ್ಮಪ್ಪ ಇದನ್ನ!" ಎಂದು ನನ್ನ ಮೇಲೆ ಕೂಗಿದಳು. "ದೂರ ಇದ್ದಾಂವನ್ನ ಹತ್ರ ಕರದವ್ರು ನೀವು! ನನ್ನ ಕೂಸಿಗಿ ಏನರ ಆದ್ರ ಯಾರ್ ಹೆಸರು ಬರೀತೀರಿ ಆವಾಗ?"

ಅವಳು ಹಾಗೆಯೇ ಕೇಳಬೇಕಿತ್ತು.

ಅದೇ ದಿನ ಎಲ್ಲರನ್ನೂ ಸುರಪುರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫದ ಪರೀಕ್ಷೆಯಲ್ಲಿ ಟಿ.ಬಿ. ಎಂದು ಖಾತ್ರಿಯಾಯಿತು. ಆರು ತಿಂಗಳ ಗುಳಿಗೆ ಶುರುವಾಯಿತು. ಕೂಸನ್ನು ಪರೀಕ್ಷಿಸಿ, ಕಾಯಿಲೆ ಹತ್ತದಂತೆ ತಡೆಯುವ ಔಷಧ ಕೊಟ್ಟರು. ಮಾನಮ್ಮ ಬಾಣಂತನ ಅರ್ಧಕ್ಕೇ ಬಿಟ್ಟು ಕೊಡೇಕಲ್ಲಿನ ಗಂಡನ ಮನೆಗೆ ಹೋದಳು. ಕೂಸಿಗೆ ಏನೂ ಆಗಲಿಲ್ಲ. ಇದನ್ನು ಬರೆಯುವಾಗಲೂ ಆ ಮಾತನ್ನು ಎರಡು ಸಲ ಬರೆಯಬೇಕು ಅನಿಸುತ್ತದೆ. ಕೂಸಿಗೆ ಏನೂ ಆಗಲಿಲ್ಲ.

ಉಳಿದವರ ಚಿತ್ರಗಳನ್ನು ಮತ್ತೆ ತೆಗೆದರು. ಬೇರೆ ಯಾರಿಗೂ ದೊಡ್ಡ ತೊಂದರೆ ಇರಲಿಲ್ಲ. ಇಸ್ಮಾಯಿಲನದು ಬರೀ ಕೆಮ್ಮು. ಆದರೆ ಚೀಟಿ ಬದಲಾದಷ್ಟು ಬೇಗ ಜನರ ಮನಸ್ಸು ಬದಲಾಗುವುದಿಲ್ಲ. ವಡಗೇರಾದ ಸಂತೆಯ ದಿನ ಅವನ ಅಂಗಡಿಗೆ ಹೋಗಿ, ಒಳಗೆ ಬಾ ಅಂದರೂ ಹೋಗದೆ, ರಸ್ತೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಂತು ಅಂಗಿಗೆ ಅಳತೆ ಕೊಟ್ಟೆ. ಅವನಿಗೆ ನನ್ನ ಉದ್ದೇಶ ತಿಳಿಯಿತು. ಟೇಪನ್ನು ನನ್ನ ಎದೆಗೆ ಸುತ್ತುತ್ತ, "ಫಿಕರ್ ಮಾಡಬ್ಯಾಡ್ರಿ ಭಾಯಿ, ನಿಮ್ಮ ಎದಿ ಅಳತಿ ನಿಮ್ಮ ಹೆಸರಿಗೇ ಬರೀತೀನಿ" ಅಂದ. ಸುತ್ತಲಿದ್ದವರು ಅದನ್ನು ತಮಾಷೆ ಅಂದುಕೊಂಡು ನಕ್ಕರು.

ಆಫೀಸಿನಲ್ಲಿ ಕೆಲಸದ ಹಾಳೆ ಬದಲಾಯಿತು. ಡಿಸ್ಕು ಕೊಟ್ಟದ್ದು ಯಾವುದು, ನಾವು ಊಹಿಸಿದ್ದು ಯಾವುದು ಎಂದು ಬೇರೆ ಬೇರೆ ಬರೆಯುವ ಜಾಗ ಮಾಡಿದರು ಮೇಡಂ. ಹೊಸಬರೇ, ನಿಮ್ಮಲ್ಲಿ ಅಂಥ ಹಾಳೆ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಕೆಟ್ಟ ಸೆಕ್ಟರ್ ಕೊನೆಗೂ ತಾನು ಕೆಟ್ಟಿದ್ದೇನೆ ಎಂದು ಹೇಳುತ್ತದೆ. ನಮ್ಮ ಊಹೆ ಹಾಗೆ ಹೇಳುವುದಿಲ್ಲ. ಸೆಂಟರಿನವರೂ ಅಂದಿನಿಂದ ಚಿತ್ರ ತೆಗೆಯುವಾಗಲೇ ರೋಗಿಯ ಹೆಸರು ಚಿತ್ರದೊಳಗೇ ಮೂಡುವಂತೆ ಮಾಡಿದರು.

ಗುಳಿಗೆ ಮುಗಿದ ಮೇಲೆ ಭೀಮಪ್ಪ ಯಾದಗಿರಿಯಲ್ಲಿಯೇ ಇನ್ನೊಮ್ಮೆ ಎಕ್ಸ್‌ರೇ ತೆಗೆಸಿದರು. ಎದೆ ಸ್ವಚ್ಛವಾಗಿತ್ತು. ಆ ಫಿಲ್ಮನ್ನು ನಾನೇ ತಲುಪಿಸುತ್ತೇನೆ ಎಂದು ಕೇಳಿ ಇಸಿದುಕೊಂಡು ತಿಂಥಣಿಗೆ ಹೋದೆ. ಮಾನಮ್ಮ ಕೊಡೇಕಲ್ಲಿನಿಂದ ಬಂದಿದ್ದಳು. ಕೂಸು ಕೂತುಕೊಳ್ಳುವಷ್ಟು ದೊಡ್ಡದಾಗಿತ್ತು. ಭೀಮಪ್ಪ ಅಂಗಳದ ಆಚೆ ತುದಿಯಲ್ಲಿ, ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಗುಳಿಗೆ ಶುರುವಾಗಿ ಕೆಲವು ವಾರಗಳ ಮೇಲೆ ಕಫ ನೋಡಿ, ಇನ್ನು ಹರಡುವುದಿಲ್ಲ, ಕೂಸನ್ನು ಎತ್ತಿಕೊಳ್ಳಬಹುದು ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಇವರು ಕೇಳಿರಲಿಲ್ಲ. ಆರು ತಿಂಗಳು ಮಗಳ ಊರಿಗೂ ಹೋಗಿರಲಿಲ್ಲ.

"ಎಲ್ಲಾ ಸ್ವಚ್ಛ ಅದರೀ" ಅಂದೆ.

"ಹಿಂದನೂ ಹಂಗ ಅಂದಿದ್ರಿ" ಅಂದರು. ಮಾತಿನಲ್ಲಿ ಕುಹಕವಿರಲಿಲ್ಲ. "ಈ ಸಲ ಇದು ನಂದೇ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಫಿಲ್ಮನ್ನು ಬಿಸಿಲಿಗೆ ಹಿಡಿದೆ. ಮೂಲೆಯಲ್ಲಿ ಬಿಳಿ ಅಕ್ಷರಗಳಿದ್ದವು. ಅವರಿಗೆ ಓದು ಬಾರದು. ಮಗಳ ಕಡೆ ನೋಡಿದರು. ಮಾನಮ್ಮ ನನ್ನನ್ನು ನಂಬದೆ ಫಿಲ್ಮನ್ನು ತಾನೇ ಕೈಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಭೀ…ಮಪ್ಪ. ತಿಂ…ಥಣಿ. ನಿನ್ನದ ಅದ ಯಪ್ಪಾ."

"ಇನ್ನೊಮ್ಮಿ ಓದು."

ಅವಳು ಇನ್ನೊಮ್ಮೆ ಓದಿದಳು. ಆಮೇಲೆ ಭೀಮಪ್ಪ ಟವೆಲ್ ಬಿಚ್ಚಿ, ಹೊಳೆಯ ನೀರು ತುಂಬಿಟ್ಟ ಕೊಡದಿಂದ ಕೈ ಮುಖ ತೊಳೆದುಕೊಂಡು, ಒರೆಸಿಕೊಂಡು ಬಂದು ಎರಡೂ ಕೈ ಚಾಚಿದರು. ಮಾನಮ್ಮ ಕೂಸನ್ನು ಕೊಟ್ಟಳು.

ಕೂಸು ಆ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ತುಟಿ ಬಿಗಿದು, ಓಣಿಗೆಲ್ಲ ಕೇಳುವಂತೆ ಚೀರಿತು. ಮೈ ಹಿಂದಕ್ಕೆ ಬಾಗಿಸಿ ತಾಯಿಯ ಕಡೆಗೆ ಕೈ ಚಾಚಿತು. ಯಾರೋ ಪರಕೀಯರು ಎತ್ತಿಕೊಂಡರೆ ಮಕ್ಕಳು ಹೇಗೆ ಮಾಡುತ್ತವೋ ಹಾಗೆ.

"ಗುರ್ತಿಲ್ಲ ಅದಕ್ಕ" ಎಂದು ಭೀಮಪ್ಪ ನಕ್ಕರು. ನನಗೆ ನಗಲು ಆಗಲಿಲ್ಲ.